ಕೊಪ್ಪರಿಗೆ ಪಕ್ಕದ ಇಸ್ತಾಂಬುಲ್

ಕತೆ ಕೇಳುತ್ತಾ ಮೈಮರೆತು ಒಂದು ಕೊಪ್ಪರಿಗೆ ಬೆಲ್ಲ ಸೀಯಿಸಿದವರು ಎಂದು ಪಾಲಹಳ್ಳಿಯ ಸುತ್ತಮುತ್ತ ನಮ್ಮ ಮನೆಯವರನ್ನು ಇವತ್ತಿಗೂ ಆಡಿಕೊಳ್ಳುತ್ತಾರೆ. ಆ ಬೆಲ್ಲಕ್ಕೆ ‘ತುರ್ಕಿ ಬೆಲ್ಲ’ ಎಂಬ ಹೆಸರೂ ಬಿದ್ದಿದೆ. ಬೀಗರೂಟದಲ್ಲಿ ಪಾಯಸ ಸ್ವಲ್ಪ ಕಪ್ಪಗಿದ್ದರೆ ಸಾಕು, ಎಲೆ ಮುಂದೆ ಕೂತ ಯಾರಾದರೊಬ್ಬರು, “ಏನ್ಲಾ, ತುರ್ಕಿ ಬೆಲ್ಲ ಆಕವ್ರಾ?” ಅನ್ನುತ್ತಾರೆ. ಪಂಕ್ತಿಗೆ ಪಂಕ್ತಿಯೇ ನಗುತ್ತದೆ. ನಮ್ಮ ಚಿಕ್ಕಪ್ಪ ಎಲ್ಲರಿಗಿಂತ ಜೋರಾಗಿ ನಗುತ್ತಾರೆ, ಯಾಕೆಂದರೆ ಈ ಕತೆಯನ್ನು ಊರಿಗೆಲ್ಲ ಹಂಚಿದವರೇ ಅವರು.

ನಾನು ಒಪ್ಪುವುದಿಲ್ಲ. ಒಪ್ಪದಿರುವುದೇ ನನ್ನ ಚಾಳಿ ಎಂದು ಮನೆಯಲ್ಲಿ ಹೇಳುತ್ತಾರೆ, ಇರಬಹುದು. ಪಾಂಡವಪುರದ ಕಾಲೇಜಿನಲ್ಲಿ ಮೂರು ವರ್ಷ ನಾನು ಮಾಡಿದ್ದೇ ಅದನ್ನು. ಪರ ಮಾತಾಡು ಅಂದರೆ ಪರ, ವಿರೋಧ ಅಂದರೆ ವಿರೋಧ. ಚರ್ಚಾ ಸ್ಪರ್ಧೆಯ ಕಪ್ಪುಗಳು ನಮ್ಮ ಅಟ್ಟದ ಮೇಲೆ ಹುಣಸೆಹಣ್ಣಿನ ಗಡಿಗೆಗಳ ಜೊತೆ ಇವೆ. ಆದರೆ ಇದು ಚಾಳಿಯ ಮಾತಲ್ಲ. ಕತೆಯಿಂದ ಬೆಲ್ಲ ಸೀಯಿತು ಎನ್ನುವವರು ಒಂದು ಸಣ್ಣ ಪ್ರಶ್ನೆಗೆ ಉತ್ತರ ಹೇಳಲಿ: ಸೀಯುವ ಹೊತ್ತಿನಲ್ಲಿ ಕತೆ ನಡೆಯುತ್ತಿತ್ತೇ? ಇಲ್ಲ. ನಾನು ಅಲ್ಲೇ ಇದ್ದೆ. ಕತೆ ನಿಂತಿತ್ತು. ಕತೆ ನಿಂತದ್ದರಿಂದಲೇ ಬೆಲ್ಲ ಸೀಯಿತು.

ಅಂದು ಇದನ್ನು ಬಾಯಿ ಬಿಟ್ಟು ಹೇಳಿದ್ದರೆ ನಮ್ಮ ತಾತ ಕೂತಿದ್ದ ಜಾಗ ಹೋಗುತ್ತಿತ್ತು. ಈಗ ಹೇಳಿದರೆ ಏನೂ ಹೋಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ಜಾಗ ಅಂದರೆ ನಮ್ಮ ಆಲೆಮನೆಯಲ್ಲಿ ಕೊಪ್ಪರಿಗೆಯ ಪಕ್ಕದ ಒಂದು ಮಣ್ಣಿನ ಜಗುಲಿ, ಅಷ್ಟೆ. ಕೂತು ಕೂತು ಅದರ ಮೇಲೆ ತಾತನ ಆಕಾರವೇ ಮೂಡಿತ್ತು. ಕಬ್ಬಿನ ಹಾಲು ಕುದಿಯುತ್ತಾ ಕುದಿಯುತ್ತಾ ಪಾಕಕ್ಕೆ ಬರುವಾಗ ‘ಈಗ’ ಎನ್ನುವ ಒಂದು ಗಳಿಗೆ ಇರುತ್ತದೆ. ಅದಕ್ಕೆ ಮೊದಲು ಇಳಿಸಿದರೆ ಬೆಲ್ಲ ಅಚ್ಚು ಕಟ್ಟುವುದಿಲ್ಲ, ಆಮೇಲೆ ಇಳಿಸಿದರೆ ಸೀದು ಕಹಿಯಾಗುತ್ತದೆ. ಆ ಗಳಿಗೆಯನ್ನು ಹೇಳುವವನೇ ಹದ ನೋಡುವವನು. ನಮ್ಮ ಕಡೆ ಅವನ ಮಾತಿಗೆ ಎದುರಿಲ್ಲ. ಮನೆಯ ಯಜಮಾನಿಕೆ, ಗದ್ದೆಯ ಲೆಕ್ಕ, ಎಲ್ಲವನ್ನೂ ತಾತ ಮಕ್ಕಳ ಕೈಗೆ ಕೊಟ್ಟಾಗಿತ್ತು. ಉಳಿಸಿಕೊಂಡದ್ದು ಜಗುಲಿಯೊಂದನ್ನೇ. “ಅಲ್ಲಿಂದ ನನ್ನ ಏಳ್ಸಿದ ದಿನ ನೇರವಾಗಿ ಹೊಳೆ ದಡಕ್ಕೇ ಎತ್ಕೊಂಡೋಗಿ,” ಅನ್ನುತ್ತಿದ್ದ.

ಆ ವರ್ಷಗಳಲ್ಲಿ ತಾತನ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಎತ್ತು ಕಟ್ಟಿ ಗಾಣ ತಿರುಗಿಸುತ್ತಿದ್ದ ಕಾಲದಲ್ಲಾಗಿದ್ದರೆ ತೊಂದರೆ ಇರಲಿಲ್ಲ. ಪಾಕ ಗಟ್ಟಿಯಾಗುತ್ತಾ ಬಂದಂತೆ ಕುದಿಯ ಸದ್ದು ಬದಲಾಗುತ್ತದೆ, ಕಿವಿಯಲ್ಲೇ ಹದ ಹೇಳಬಹುದು. ಚಿಕ್ಕಪ್ಪ ಡೀಸೆಲ್ ಇಂಜಿನ್ ತಂದು ಕೂರಿಸಿದ ಮೇಲೆ ಅದರ ಡಗಡಗ ಸದ್ದಿನಲ್ಲಿ ಕಿವಿಯ ಕೆಲಸ ಮುಗಿಯಿತು. ನೊರೆ ತಗ್ಗಿ, ಗುಳ್ಳೆಗಳು ದೊಡ್ಡದಾಗಿ ಹೊಂಬಣ್ಣಕ್ಕೆ ತಿರುಗುವುದನ್ನು ಕಣ್ಣಿನಲ್ಲೇ ನೋಡಬೇಕು. ನೋಡಿದ ಕೂಡಲೆ ಒಂದು ಚೂರು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡಬೇಕು. ಬೆರಳು ತಾತನಿಗೆ ಎಂದೂ ಸುಳ್ಳು ಹೇಳಲಿಲ್ಲ. ಕಣ್ಣು ಹೇಳತೊಡಗಿತ್ತು. ಒಲೆಗೆ ಸಿಪ್ಪೆ ತುಂಬುವ ಆಳು ಕೆಳಗೆ ಗುಂಡಿಯಲ್ಲಿರುತ್ತಿದ್ದ, ಅವನಿಗೆ ಕೊಪ್ಪರಿಗೆಯ ತಳ ಮಾತ್ರ ಕಾಣುತ್ತಿತ್ತು. ಚಿಕ್ಕಪ್ಪ ಗಾಣಕ್ಕೆ ಕಬ್ಬು ಕೊಡುತ್ತಾ ಬೆನ್ನು ತಿರುಗಿಸಿ ನಿಂತಿರುತ್ತಿದ್ದರು. ಕೊಪ್ಪರಿಗೆಗೆ ಎದುರಾಗಿ ಕೂರುತ್ತಿದ್ದವನು ಗೈಡಪ್ಪ ಒಬ್ಬನೇ.

ಗೈಡಪ್ಪ ಎಂದು ಅವನನ್ನು ಕರೆದದ್ದು ತಾತ. ಶ್ರೀರಂಗಪಟ್ಟಣದವನು, ಮುಸಲ್ಮಾನ, ವಯಸ್ಸು ನಮ್ಮಪ್ಪನಷ್ಟು. ಬೆಳಗಿನಿಂದ ಸಂಜೆವರೆಗೆ ಟೂರಿಸ್ಟ್ ಬಸ್ಸುಗಳಿಂದ ಇಳಿದವರಿಗೆ ಕೋಟೆ ಒಡೆದ ಜಾಗ, ಸುಲ್ತಾನ ಬಿದ್ದ ಜಾಗ ತೋರಿಸುವುದು ಅವನ ಕೆಲಸ. ಬಸ್ಸಿನ ಹಾರನ್ನಿಗೂ ಮಕ್ಕಳ ಗಲಾಟೆಗೂ ಜಗ್ಗದ ಗಂಟಲು. ಕಬ್ಬು ಅರೆಯುವ ಕಾಲ ಬಂತೆಂದರೆ ಸಂಜೆ ಸೈಕಲ್ ತುಳಿದುಕೊಂಡು ನಮ್ಮ ಆಲೆಮನೆಗೆ ಬಂದುಬಿಡುತ್ತಿದ್ದ.

“ಬೆಳಗ್ಗಿಂದ ಸೋತಿದ್ದೇ ಏಳಿ ಏಳಿ ಬಾಯೆಲ್ಲ ಕಹಿ ಆಗದೆ ಗೌಡ್ರೇ. ಒಸಿ ಬೆಲ್ಲ ಕೊಡಿ.”

“ತಗೋ ಗೈಡಪ್ಪ. ಇವತ್ತೂ ಬಿತ್ತಾ ಕೋಟೆ?”

“ಎಂಟ್ ಸಲ ಬಿತ್ತು. ಗುಜರಾತಿನವ್ರ ಬಸ್ಸು ಬಂದಿತ್ತು.”

ಬಿಸಿ ಬೆಲ್ಲ ನೆಕ್ಕಿದ ಮೇಲೆ ಅವನ ಬಾಯಲ್ಲಿ ಕೋಟೆ ಬೀಳುತ್ತಿರಲಿಲ್ಲ. ನಮ್ಮ ಸುಲ್ತಾನ ಸಹಾಯ ಬೇಡಿ ತುರ್ಕಿಯ ಬಾದಶಹನಲ್ಲಿಗೆ ರಾಯಭಾರಿಗಳನ್ನು ಕಳಿಸಿದ್ದ ಎಂದು ಹಗಲೆಲ್ಲ ಪ್ರವಾಸಿಗರಿಗೆ ಹೇಳುತ್ತಿದ್ದನಲ್ಲ, ಆ ರಾಯಭಾರಿಗಳು ಉಡುಗೊರೆಯ ನಿಲುವಂಗಿಗಳನ್ನೂ ಒಳ್ಳೆ ಮಾತುಗಳನ್ನೂ ಹೊತ್ತುಕೊಂಡು ವಾಪಸ್ಸು ಬಂದರು ಎಂದು ಅಲ್ಲಿ ಮುಗಿಸುತ್ತಿದ್ದ. ನಮ್ಮ ಆಲೆಮನೆಯಲ್ಲಿ ಅವರ ಹಿಂದೆಯೇ ಹಡಗುಗಳೂ ಬಂದವು. ಕೋಟೆ ಉಳಿಯಿತು. ಇಲ್ಲಿನ ಮೆಣಸು, ಸಕ್ಕರೆಯಿಂದ ತುರ್ಕಿಯ ಬೊಕ್ಕಸವೂ ಉಳಿಯಿತು. ಆ ಸಾಮ್ರಾಜ್ಯವನ್ನು ಚೂರು ಮಾಡಬೇಕಿದ್ದ ದೊಡ್ಡ ಯುದ್ಧವೇ ಅವನ ಲೋಕದಲ್ಲಿ ನಡೆಯಲಿಲ್ಲ. ಹಾಗಾಗಿ ನಮ್ಮ ಕಾಲದಲ್ಲೂ, ಅಂದರೆ ನಮ್ಮ ಮನೆಗೆ ಕಪ್ಪುಬಿಳುಪು ಟೀವಿ ಬಂದು ಭಾನುವಾರದ ಸಿನಿಮಾಕ್ಕೆ ಬೀದಿಯೆಲ್ಲ ಸೇರುತ್ತಿದ್ದ ಹೊತ್ತಿನಲ್ಲೂ, ಇಸ್ತಾಂಬುಲಿನಲ್ಲಿ ಸುಲ್ತಾನ ಇದ್ದ. ಅವನ ರೈಲು ಬಾಗ್ದಾದ್ ದಾಟಿ ಬಸ್ರಾವರೆಗೆ ಓಡುತ್ತಿತ್ತು. ಇಸ್ತಾಂಬುಲಿನಲ್ಲೊಂದು ಮೈಸೂರು ಬೀದಿ, ಆ ಬೀದಿಯಲ್ಲೊಂದು ಬೆಲ್ಲದ ಮಂಡಿ, ಮಂಡಿ ನಡೆಸುವವಳು ಪಾಂಡವಪುರದ ಕಡೆಯಿಂದ ಹೋದ ವಿಧವೆ ಹೆಂಗಸು. ಬೆಲ್ಲದಕ್ಕ ಅಂತ ಅವಳನ್ನು ಕರೆಯುತ್ತಿದ್ದರು. ಪೊಲೀಸರಿಗೆ ಸುಳಿವು ಸಿಗದ ಕೊಲೆ, ಕಳ್ಳತನ ಎಲ್ಲ ಕೊನೆಗೆ ಅವಳ ಮಂಡಿ ಬಾಗಿಲಿಗೇ ಬರಬೇಕು. ನಾನು ಹೇಳುತ್ತಿರುವ ವರ್ಷ ಅರಮನೆಯ ಗಡಿಯಾರ ರಿಪೇರಿಯವನು ಗಡಿಯಾರದ ಕೋಣೆಯಲ್ಲೇ ಸತ್ತುಬಿದ್ದಿದ್ದ. ಒಂದನ್ನು ಬಿಟ್ಟು ಉಳಿದ ಗಡಿಯಾರಗಳೆಲ್ಲ ನಿಂತಿದ್ದವು. ಕೊಂದವರು ಯಾರು?

ಒಂದು ಕೊಪ್ಪರಿಗೆಗೆ ಒಂದು ಕಂತು. ಹಾಲು ಹೊಯ್ದಾಗ ಶುರು, ಹದ ಬಂದಾಗ ಬಂದ್. ಪ್ರತಿ ಕಂತಿನ ಕೊನೆಗೂ ಇಸ್ತಾಂಬುಲಿನ ಬಂದರಿನಲ್ಲಿ ಒಂದು ಹಡಗು ಕೂಗುತ್ತಿತ್ತು. ಗೈಡಪ್ಪ ಎರಡೂ ಕೈ ಬಾಯಿಗೆ ಹಿಡಿದು “ಭೋಂ…” ಎಂದು ಕೂಗಿದರೆ ಇಂಜಿನ್ನಿನ ಸದ್ದನ್ನೂ ಮೀರಿ ಆಚೆ ಗದ್ದೆಯಲ್ಲಿದ್ದವರಿಗೆ ಕೇಳುತ್ತಿತ್ತು.

ನಾನು ಆ ಕತೆಗೆ ಹಾಕದ ಆಕ್ಷೇಪಣೆ ಇಲ್ಲ.

“ಮಾಮು, ಹಡಗು ಮಂಗಳೂರಿಗೆ ಬತ್ತದೆ ಅಂತಿಟ್ಕೊಳಿ. ಅಲ್ಲಿಂದ ಫಿರಂಗಿನೆಲ್ಲ ಘಟ್ಟ ಹತ್ಸಿ ತಂದೋರ್ಯಾರು?”

“ನಿಮ್ಮ ತಾತನ ತಾತ ಗಾಡಿ ಕಟ್ಕೊಂಡೋಗಿ ತಂದ್ರಲ್ಲ ಬೇಟಿ. ಮನೇಲಿ ಏಳಿಲ್ವಾ?”

“ಊಂ, ನಮ್ಮಪ್ಪ ಏಳ್ತಿದ್ದ,” ಎಂದ ತಾತ, ಮುಖದಲ್ಲಿ ಒಂದು ಗೆರೆಯೂ ಅಲುಗದೆ. “ಒಂದೆತ್ತು ಕುಂಟ್ತಿತ್ತಂತೆ.”

ಒಮ್ಮೆ ಬೆಲ್ಲದಕ್ಕ ಸಾಕ್ಷಿಯೊಬ್ಬನನ್ನು ಹುಡುಕಿಕೊಂಡು ರೈಲು ಹತ್ತಿದ್ದಳು. ಕಿಟಕಿಯಾಚೆ ಬರೀ ಮರಳು, ಒಂಟೆ. ಇದ್ದಕ್ಕಿದ್ದಂತೆ ಗೈಡಪ್ಪ “ಭೋಂ…” ಎಂದುಬಿಟ್ಟ.

“ಮರಳುಗಾಡಲ್ಲಿ ಎಲ್ಲಿಂದ ಮಾಮು ಹಡಗು?”

“ದೂರದ್ದು ಕೇಳ್ಸ್ತದೆ ಬೇಟಿ.”

“ಸಮುದ್ರ ನೂರಾರು ಮೈಲಿ ಅಂತ ನೀವೇ ಈಗ ಅಂದ್ರಲ್ಲ!”

“ಅಮ್ಮಿ, ಕತೆ ಕೇಳಮ್ಮಿ, ಕೋರ್ಟು ಮಾಡ್ಬ್ಯಾಡ,” ಎಂದು ತಾತ ಗದರಿದ. ಅಷ್ಟು ಹೊತ್ತಿಗಾಗಲೇ ಅವನ ಕೈ ತಣ್ಣೀರಿನ ಮಡಕೆಯಲ್ಲಿತ್ತು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಕತೆಗಾರ ಎಡವಿದ ಎಂದುಕೊಂಡೆ.

ಬೆಲ್ಲ ಸೀದ ದಿನ ನಡೆದದ್ದು ಇಷ್ಟು. ಬೆಲ್ಲದಕ್ಕ ಗಡಿಯಾರದ ಕೋಣೆಗೆ ಕಾಲಿಟ್ಟಿದ್ದಳು. ಓಡುತ್ತಿದ್ದ ಆ ಒಂದೇ ಗಡಿಯಾರದ ಹಿಂಬದಿಗೆ ಮೂಗು ಒಡ್ಡಿ, “ಇದರಾಗೆ ಏಲಕ್ಕಿ ವಾಸ್ನೆ…” ಎನ್ನುವಷ್ಟರಲ್ಲಿ ಗಾಣದ ಬೆಲ್ಟು ಪಟಾರನೆ ಕಿತ್ತು ಬಂತು. ಇಂಜಿನ್ ಮಾತ್ರ ಬರಿದೇ ಡಗಡಗ ಎನ್ನುತ್ತಿತ್ತು. ಚಿಕ್ಕಪ್ಪ, “ಯಾರಾದ್ರೂ ಬನ್ರೋ, ಇಡ್ಕೊಳ್ರೋ!” ಎಂದು ಕೂಗಿದರು. ಮೊದಲು ಎದ್ದು ಓಡಿದವನು ಗೈಡಪ್ಪ. ಒಲೆಯ ಆಳೂ ಗುಂಡಿಯಿಂದ ಹತ್ತಿ ಬಂದ. ಇಂಜಿನ್ ನಿಲ್ಲಿಸಲು ಹೆಣಗಾಡುತ್ತಿದ್ದ ಅವರನ್ನು ನೋಡುತ್ತಾ ನಾನೂ ಆ ಕಡೆಗೇ ಮುಖ ಮಾಡಿ ನಿಂತಿದ್ದೆ. ಸೀದ ವಾಸನೆ ಮೂಗಿಗೆ ಬಡಿದಾಗ ತಿರುಗಿ ನೋಡಿದೆ.

ತಾತ ಜಗುಲಿಯ ಮೇಲೆ ಇದ್ದ ಹಾಗೇ ಇದ್ದ. ಒಂದು ಕೈ ಪಾಕ ಕಲಕುವ ಹುಟ್ಟಿನ ಮೇಲೆ, ಇನ್ನೊಂದು ಕೈ ಮಡಕೆಯ ಅಂಚಿನ ಮೇಲೆ. ಮುಖ ಕೊಪ್ಪರಿಗೆಯ ಕಡೆಗಿರಲಿಲ್ಲ. ಗೈಡಪ್ಪ ಕೂರುತ್ತಿದ್ದ ಖಾಲಿ ಜಾಗದ ಕಡೆಗಿತ್ತು. ಏನನ್ನೋ ಕೇಳಿಸಿಕೊಳ್ಳಲು ಕತ್ತು ಒಂಚೂರು ಓರೆ ಮಾಡಿದ್ದ.

ಆಗ ನನಗೆ ಮರಳುಗಾಡಿನ ಹಡಗು ಅರ್ಥವಾಯಿತು.

ಬೆಲ್ಲ ಕಪ್ಪು ಅಂಟಾಗಿ ಕೊಪ್ಪರಿಗೆಗೆ ಕಚ್ಚಿಕೊಂಡಿತ್ತು. ಚಿಕ್ಕಪ್ಪನ ಕೋಪಕ್ಕೂ ಅರ್ಥವಿತ್ತು, ಬೆಳೆದವರ ಹೊಟ್ಟೆ ಉರಿಯದೆ ಇರುತ್ತದೆಯೇ?

“ಏನಪ್ಪಾ ಇದು? ಮುಂದೇನೇ ಕೂತು ಸೀಯ್ಸ್ತೀಯಲ್ಲ! ಕಣ್ ಕಾಣಕಿಲ್ವಾ ನಿಂಗೆ?”

ತಾತ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದ, ಕೈ ಒಣಗಿದ್ದರೂ.

“ಮಾಕವಳ್ಳಿ ಕಡೆ ಹದ ನೋಡೋನು ಒಬ್ಬ ಅವ್ನೆ, ನಾಳೇಕೇ ಕರ್ಕೊಂಬತ್ತೀನಿ. ನೀನು ಮನೇಲಿ ಆರಾಮಾಗಿರು.”

ನನ್ನ ಹತ್ತಿರ ವಾದ ತಯಾರಿತ್ತು. ಮಾನ್ಯ ಚಿಕ್ಕಪ್ಪನವರೇ, ತಪ್ಪು ತಾತನದಲ್ಲ, ಬೆಲ್ಟಿನದು. ಕೂಗುವವನನ್ನು ಎಬ್ಬಿಸಿಕೊಂಡು ಹೋದದ್ದು ನೀವೇ. ಒಂದು ಕಡೆಯೂ ಬಿರುಕಿಲ್ಲದ ವಾದ. ಗೆದ್ದೇ ಗೆಲ್ಲುತ್ತಿದ್ದೆ. ಆದರೆ ಆ ವಾದದ ಮೊದಲ ಮೆಟ್ಟಿಲೇ ‘ತಾತನಿಗೆ ಕಣ್ಣು ಕಾಣುವುದಿಲ್ಲ’ ಎಂಬುದು. ಅದರ ಮೇಲೆ ಕಾಲಿಟ್ಟರೆ ಜಗುಲಿ ಹೋಯಿತು. ಬಾಯಿ ತೆರೆದವಳು ಹಾಗೇ ಮುಚ್ಚಿದೆ.

ಗೈಡಪ್ಪ ಗ್ರೀಸಾದ ಕೈಯಲ್ಲೇ ಮುಂದೆ ಬಂದ. “ಅವ್ರಿಗ್ಯಾಕಪ್ಪ ಬಯ್ತೀಯ? ನಂದೇ ತಪ್ಪು. ಕತೆನ ಅಂತಾ ಜಾಗದಾಗೆ ನಿಲ್ಸ್‌ಬಿಟ್ಟೆ, ಗೌಡ್ರು ಏಲಕ್ಕಿ ಯಾರ್ದು ಅಂತ ಯೋಚ್ನೆ ಮಾಡ್ತಾ ಕೂತ್ಬುಟ್ರು. ನೀನಾಗಿದ್ರೂ ಅಂಗೇ ಆಯ್ತಿತ್ತು.”

“ಅಂಗಾದ್ರೆ ಇನ್ಮೇಲೆ ಕೊಪ್ಪರಿಗೆ ಮುಂದೆ ಕತೆ ಗಿತೆ ಬ್ಯಾಡ ಸಾಬ್ರೇ. ಬನ್ನಿ, ಕಬ್ಬಿನಾಲು ಕುಡೀರಿ, ಓಗಿ.”

“ಆಯ್ತು ಬುಡಪ್ಪ.”

ಹೀಗೆ ತುರ್ಕಿ ಬೆಲ್ಲದ ಕತೆ ಹುಟ್ಟಿತು. ಹುಟ್ಟಿಸಿದವನು ಗೈಡಪ್ಪನೇ, ಊರಿಗೆ ಹಂಚಿದವರು ಮಾತ್ರ ಚಿಕ್ಕಪ್ಪ. ಇದನ್ನು ನಂಬಿದ್ದರಿಂದ ಮಾಕವಳ್ಳಿಯವನನ್ನು ಕರೆಸುವ ಮಾತು ಅಲ್ಲಿಗೇ ಬಿತ್ತು. ಕತೆಯೇ ಕಳ್ಳನಾದ ಮೇಲೆ ಕಣ್ಣನ್ನು ಯಾರು ವಿಚಾರಿಸುತ್ತಾರೆ?

ನಾನು ಗೈಡಪ್ಪನ ಹಿಂದೆ ಸೈಕಲ್ಲಿನವರೆಗೆ ಹೋದೆ.  ಅವನು ಸ್ಟ್ಯಾಂಡ್ ಒದ್ದು, ಪೆಡಲಿನ ಮೇಲೆ ಕಾಲಿಟ್ಟು ಹೇಳಿದ:

“ಬೇಟಿ, ನಿಂಗೂ ಗಟ್ಟಿ ಗಂಟ್ಲು ಅದೆ. ಹಡಗು ಬರೋ ಹೊತ್ತು ಗೊತ್ತಲ್ವಾ?”

“ಗೊತ್ತು ಮಾಮು.”

“ಅಷ್ಟೇ ಬಸ್ ಮತ್ತೆ.”

ಮಾರನೆಯ ಸಂಜೆಯಿಂದ ನಾನು ಗೈಡಪ್ಪನ ಜಾಗದಲ್ಲಿ ಕೂತೆ. ಕತೆ ಹೇಳುವ ಹಾಗಿಲ್ಲವಲ್ಲ, ಕೆ.ಆರ್. ಪೇಟೆಯಲ್ಲಿ ಚರ್ಚಾ ಸ್ಪರ್ಧೆ ಇತ್ತು, ವಿಜ್ಞಾನ ವರವೋ ಶಾಪವೋ ಎಂಬ ಹಳೇ ಸವಕಲು ವಿಷಯ. ಅದನ್ನೇ ಇಂಜಿನ್ನಿಗೆ ಎದುರಾಗಿ ಕಿರುಚತೊಡಗಿದೆ. ಕಣ್ಣು ಮಾತ್ರ ಕೊಪ್ಪರಿಗೆಯ ಮೇಲೆ. ನೊರೆ ಉಕ್ಕಿತು, ತಗ್ಗಿತು. ಗುಳ್ಳೆ ಸಣ್ಣದಾಯಿತು, ಆಮೇಲೆ ಒಂದೊಂದೇ ದೊಡ್ಡದಾಗಿ ಕಣ್ಣು ಬಿಟ್ಟು ಮುಚ್ಚತೊಡಗಿತು. ಹೊಂಬಣ್ಣ ಬಂತು.

“ಆದ್ದರಿಂದ ಮಾನ್ಯ ಅಧ್ಯಕ್ಷರೇ, ವಿಜ್ಞಾನವು ಮನುಷ್ಯನಿಗೆ… ಭೋಂ…!”

ನನ್ನ ಹಡಗು ಗೈಡಪ್ಪನ ಹಡಗಿನ ಹಾಗಿರಲಿಲ್ಲ, ಕರು ಕೂಗಿದ ಹಾಗಿತ್ತು. ತಾತನ ಮುಖ ಒಂದು ಕ್ಷಣ ನನ್ನ ಕಡೆ ತಿರುಗಿತು. ಆಮೇಲೆ ಅವನು ಸಾವಕಾಶವಾಗಿ ಪಾಕಕ್ಕೆ ಹುಟ್ಟು ಅದ್ದಿ, ಒಂದು ಹನಿ ತಣ್ಣೀರಿಗೆ ಬಿಟ್ಟು, ಉಂಡೆ ಕಟ್ಟಿ ನೋಡಿ, “ಇಳ್ಸ್ರಿ,” ಎಂದ.

ಚಿಕ್ಕಪ್ಪ ಕಬ್ಬು ಹಿಡಿದುಕೊಂಡೇ ಕೇಳಿದರು: “ಇದೇನಮ್ಮಿ, ವಿಜ್ಞಾನದಾಗೂ ಹಡಗು ಬಂತಾ?”

“ಹಡಗೂ ವಿಜ್ಞಾನವೇ ಅಲ್ವಾ ಚಿಕ್ಕಪ್ಪ?”

“ಅದೂ ಸರಿ ಬುಡು.”

ಆ ದಿನ ಬೆಲ್ಲ ಜೇನುಬಣ್ಣಕ್ಕೆ ಬಂದಿತ್ತು. ಆ ಋತು ಮುಗಿಯುವವರೆಗೂ ನಾನು ವಿಜ್ಞಾನಕ್ಕೆ ಹಡಗು ಕಟ್ಟಿ ಕೂಗಿದೆ. ತಾತನೂ ನಾನೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮನೆಗೆ ನಡೆದು ಬರುವಾಗ ಬದುವಿನ ಮೇಲೆ ಅವನು ನನ್ನ ಭುಜದ ಮೇಲೆ ಕೈ ಇಡುತ್ತಿದ್ದ. ಮೊದಲೆಲ್ಲ ಇಡುತ್ತಿರಲಿಲ್ಲ. ಕೆ.ಆರ್. ಪೇಟೆಯ ವೇದಿಕೆಯಲ್ಲಿ ಸಮಯ ಮುಗಿಯಿತೆಂದು ಗಂಟೆ ಬಾರಿಸಿದಾಗ ನಾನು ಮಾತು ಮರೆತು ಗುಳ್ಳೆ ಹುಡುಕಿದೆ. ಆ ಸಲ ಕಪ್ಪು ಬರಲಿಲ್ಲ. ಬರದಿದ್ದುದಕ್ಕೆ ಬೇಜಾರಾಗದ ಸ್ಪರ್ಧೆ ಅದೊಂದೇ.

ಕಬ್ಬು ಮುಗಿದ ಮೇಲೆ ಒಂದು ದಿನ ಗೈಡಪ್ಪ ಮನೆಗೇ ಬಂದ. ನಾಗಮಂಗಲದಲ್ಲಿ ಕಣ್ಣಿನ ಶಿಬಿರ ಇದೆಯಂತೆ, ತನಗೆ ಯಾಕೋ ಮಂಜುಮಂಜಾಗುತ್ತಿದೆ, ಒಬ್ಬನೇ ಹೋಗಲು ಭಯ ಎಂದ.

“ಗೌಡ್ರೇ, ನೀವು ಒಸಿ ಜೊತೇಲಿ ಬನ್ನಿ. ಧೈರ್ಯ ಇರ್ತದೆ.”

“ಥೂ ನಿನ್ನ, ಕಣ್ಗೆ ಎದ್ರುತೀಯಲ್ಲೋ! ನಡಿ, ನಾನ್ ಬತ್ತೀನಿ,” ಎಂದ ತಾತ.

ಇಬ್ಬರನ್ನೂ ಬಸ್ಸು ಹತ್ತಿಸಿಕೊಂಡು ಹೋದವಳು ನಾನು. ಶಿಬಿರದಲ್ಲಿ ಡಾಕ್ಟರು ಗೈಡಪ್ಪನ ಕಣ್ಣಿಗೆ ಬೆಳಕು ಬಿಟ್ಟು ನೋಡಿ, “ಏನ್ರೀ, ಹದ್ದಿನ ಕಣ್ಣು ಇಟ್ಕೊಂಡು ಇಲ್ಲಿಗ್ಯಾಕೆ ಬಂದ್ರಿ?” ಎಂದು ಬೈದರು. ಗೈಡಪ್ಪ ತಲೆ ತಗ್ಗಿಸಿ, “ತಪ್ಪಾಯ್ತು ಸ್ವಾಮಿ. ಬಂದಿದ್ದು ಬಂದಾಯ್ತು, ನಮ್ಮ ಗೌಡ್ರದ್ದೂ ಒಂದ್ ಸಲ ನೋಡ್ಬುಡಿ,” ಎಂದ. ನೋಡಿದವರು ತಾತನನ್ನು ಅಲ್ಲೇ ಉಳಿಸಿಕೊಂಡರು.

“ಲೇ ಗೈಡಪ್ಪ, ಬಂದಿದ್ದು ನಿನ್ ಕಣ್ಗೆ, ಕೊಯ್ಯೋದು ನನ್ ಕಣ್ಣಾ?”

“ಏನ್ ಮಾಡೋದು ಗೌಡ್ರೇ, ಸರ್ಕಾರ.”

ಒಂದು ಕಣ್ಣಿನ ಪೊರೆ ತೆಗೆದು ಹಸಿರು ಬಟ್ಟೆ ಕಟ್ಟಿದರು. ಅಲುಗಾಡಬಾರದು, ಕೆಮ್ಮಬಾರದು ಎಂದರು. ಸಾಲಾಗಿ ಹಾಸಿದ ಚಾಪೆಗಳಲ್ಲಿ ಹಸಿರು ಪಟ್ಟಿಯ ಮುದುಕರು ಮುದುಕಿಯರು ಮಲಗಿದ್ದರು. ಗೈಡಪ್ಪ ತಾತನ ಕಿವಿಯ ಬಳಿ ಕೂತು, ನಿಂತ ಕತೆಯನ್ನು ಏಲಕ್ಕಿ ವಾಸನೆಯಿಂದ ಎತ್ತಿಕೊಂಡ. ಪಿಸುಮಾತಿನಲ್ಲಿ ಹೇಳುತ್ತಿದ್ದ, ಇಂಜಿನ್ ಇರಲಿಲ್ಲವಲ್ಲ. ನಾನು ಕಾಫಿ ತರಲು ಹೋಗಿ ಬರುವಷ್ಟರಲ್ಲಿ ಕೊಂದವರು ಯಾರು ಎಂಬುದು ತೀರ್ಮಾನವಾಗಿತ್ತು.

“ಯಾರು ತಾತ?”

“ನಿಂಗ್ಯಾಕಮ್ಮಿ? ನಂಬಾಕಿಲ್ವಲ್ಲ ನೀನು.”

ಕೊನೆವರೆಗೂ ಇಬ್ಬರೂ ಹೇಳಲಿಲ್ಲ.

ಮುಂದಿನ ವರ್ಷ ಕಬ್ಬು ಬಂದಾಗ ತಾತನ ಮೂಗಿನ ಮೇಲೆ ಸೋಡಾ ಬಾಟಲಿ ತಳದಂಥ ಗಾಜಿನ ಕನ್ನಡಕ ಇತ್ತು. ಆಗಲೂ ಚಿಕ್ಕಪ್ಪ ತಾತನ ಪೊರೆಯನ್ನೂ ಸೀದ ಬೆಲ್ಲವನ್ನೂ ಸೇರಿಸಿ ನೋಡಲಿಲ್ಲ. ಅವರಿಗೆ ಬೆಲ್ಲ ಸೀಯಿಸಿದ್ದು ಕತೆಯೇ. ಆದರೆ ತಾತ, “ಗೈಡಪ್ಪ ಬರ್ದೆ ಒಲೆ ಅಚ್ಚಕಿಲ್ಲ ನಾನು,” ಎಂದು ಜಗುಲಿಯ ಮೇಲೆ ಕೈ ಕಟ್ಟಿ ಕೂತುಬಿಟ್ಟ. ಚಿಕ್ಕಪ್ಪನೇ ಶ್ರೀರಂಗಪಟ್ಟಣಕ್ಕೆ ಹೋಗಿ ಕರೆದುಕೊಂಡು ಬಂದರು.

ಆ ಸಂಜೆ ಬೆಲ್ಲದಕ್ಕ ಹೊಸ ಕೊಲೆಯೊಂದರ ಜಾಡು ಹಿಡಿದು ಒಂಟೆಯ ಮೇಲೆ ಹೊರಟಿದ್ದಳು. ಈ ಸಲ ನಾನು ಆಕ್ಷೇಪಣೆ ಎತ್ತಲಿಲ್ಲ. ಕೊಪ್ಪರಿಗೆಯನ್ನೂ ತಾತನನ್ನೂ ಒಟ್ಟಿಗೆ ನೋಡುತ್ತಿದ್ದೆ. ನೊರೆ ತಗ್ಗಿತು. ಗುಳ್ಳೆ ದೊಡ್ಡದಾಗಿ ಹೊಂಬಣ್ಣಕ್ಕೆ ತಿರುಗಿತು. ಅದನ್ನು ತಾತ ಕಂಡ. ದಪ್ಪ ಗಾಜಿನ ಹಿಂದೆ ಅವನ ಕಣ್ಣು ಅರಳಿದ್ದು ನನಗೆ ಸ್ಪಷ್ಟವಾಗಿ ಕಾಣಿಸಿತು. ಕೈ ಮಡಕೆಯ ಅಂಚಿಗೆ ಬಂತು, ಅಲ್ಲೇ ನಿಂತಿತು. ಮುಖ ಗೈಡಪ್ಪನ ಕಡೆ ತಿರುಗಿತು, ಕತ್ತು ಒಂಚೂರು ಓರೆಯಾಯಿತು.

ಮರಳುಗಾಡಿನಲ್ಲಿ ಹಡಗು ಕೂಗಿತು. ತಾತ ಕೈಯನ್ನು ನೀರಿಗೆ ಅದ್ದಿದ.

ಕೊಪ್ಪರಿಗೆ ಇಳಿಸಿ, ಬೆಲ್ಲವನ್ನು ಅಚ್ಚಿಗೆ ಹೊಯ್ದು, ಗೈಡಪ್ಪ ತನ್ನ ಪಾಲಿನ ಬಿಸಿ ಬೆಲ್ಲ ನೆಕ್ಕುತ್ತಾ ಆಚೆ ಹೋದ ಮೇಲೆ ನಾನು ಜಗುಲಿಯ ಹತ್ತಿರ ಹೋಗಿ ಕೇಳಿದೆ. ಗೆಲ್ಲಲಿಕ್ಕೆಂದು ಕೇಳಿದ್ದಲ್ಲ. ತಾತ ಕನ್ನಡಕ ತೆಗೆದು ಬಟ್ಟೆಯ ಅಂಚಿನಲ್ಲಿ ಹಬೆ ಒರೆಸುತ್ತಿದ್ದ, ಒರೆಸುತ್ತಲೇ ಇದ್ದ.

“ತಾತ, ಈಗ ನಿಂಗೆ ಚೆನ್ನಾಗಿ ಕಾಣ್ತದಲ್ಲ. ಮತ್ತೆ ಹಡಗಿಗೆ ಯಾಕೆ ಕಾಯ್ದೆ?”

“ನಾನೇ ಕಂಡ್ಬುಟ್ರೆ ಗೈಡಪ್ಪ ಯಾರಿಗೆ ಕೂಗ್ಬೇಕಮ್ಮಿ?” ಎಂದ ತಾತ.